ಓಕುಳಿ ಚೆಲ್ಲಲು ಜಾಗವಿಲ್ಲದ ಊರು

ವಿಮಾನ ನಿಲ್ದಾಣ

ಸಿಂಗಪುರದಲ್ಲಿ ಇಳಿದಾಗ ಅಮ್ಮನ ಬಾಯಿ ತುಂಬ ಎಲೆ ಅಡಿಕೆ ಇತ್ತು. ವಿಮಾನ ಕೆಳಗಿಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ, ಏನನ್ನಾದರೂ ಅಗಿಯುತ್ತಿರಿ ಎಂದು ಪಕ್ಕದ ಸೀಟಿನ ಮದ್ರಾಸಿನ ಹೆಂಗಸು ಹೇಳಿದ್ದರು. ಅವರು ಹೇಳಿದ್ದು ಪೆಪ್ಪರ್‌ಮಿಂಟಿನ ವಿಷಯ. ಅಮ್ಮ ಸೆರಗಿನ ಮರೆಯಲ್ಲಿ ಸಂಚಿ ಬಿಚ್ಚಿ, ಜಯನಗರದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಎಲೆಗೆ ಸುಣ್ಣ ಹಚ್ಚಿದಳು. ನೆಲ ಮುಟ್ಟುವ ಹೊತ್ತಿಗೆ ಕೆನ್ನೆ ಉಬ್ಬಿತ್ತು.

ಉಗುಳುವುದೆಲ್ಲಿ? ನೆಲದಲ್ಲಿ ನಮ್ಮ ಮುಖವೇ ಕಾಣುತ್ತಿತ್ತು. ಗೋಡೆಯ ಮೇಲೆ ಕಸ ಬೀಳಿಸುತ್ತಿರುವ ಒಂದು ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು, ಅಡಿಯಲ್ಲಿ ನಾಲ್ಕು ಭಾಷೆಯಲ್ಲಿ ದಂಡದ ಎಚ್ಚರಿಕೆ. ಬಚ್ಚಲಿಗೆ ಕರೆದುಕೊಂಡು ಹೋದೆ. ಅಲ್ಲಿನ ಬೆಳ್ಳಗಿನ ಬೇಸಿನ್ನು ನೋಡಿ ಅಮ್ಮ ತಲೆ ಅಲ್ಲಾಡಿಸಿದಳು. ಅಷ್ಟು ಚೆನ್ನಾಗಿ ತೊಳೆದಿಟ್ಟಿದ್ದರಲ್ಲಿ ಉಗುಳಲು ಅವಳಿಗೆ ಮನಸ್ಸು ಬರಲಿಲ್ಲ.

ಹೊರಗೆ ನನ್ನ ತಂಗಿಯ ಗಂಡ ಚಂದ್ರು ಹೂವಿನ ಗೊಂಚಲು ಹಿಡಿದು ನಿಂತಿದ್ದರು. ಪ್ರಯಾಣ ಹೇಗಿತ್ತು ಅತ್ತೆ ಎಂದರೆ ಅಮ್ಮ ಹೂಂ ಅಂದಳು. ಮಾವನವರು ಚೆನ್ನಾಗಿದ್ದಾರಾ ಎಂದರೂ ಹೂಂ. ಅತ್ತೆಗೆ ಏನೋ ಸಿಟ್ಟು ಬಂದಿದೆ ಎಂದುಕೊಂಡ ಆ ಮನುಷ್ಯ ಟ್ಯಾಕ್ಸಿ ನಿಲ್ಲುವ ಕಡೆ, ಅಷ್ಟು ಜನರ ಮಧ್ಯೆ, ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಮ್ಮ ಬಾಯಿ ಮುಚ್ಚಿಕೊಂಡೇ ಆಶೀರ್ವಾದ ಮಾಡಿದಳು. ಆ ದಾರಿಯುದ್ದಕ್ಕೂ ಒಂದು ಎಲೆ ಕೂಡ ಬಿದ್ದಿರಲಿಲ್ಲ. ಕೊನೆಗೆ ಮನೆ ಸೇರಿ, ಬಾಯಿ ಖಾಲಿ ಮಾಡಿ ಬಂದ ಅಮ್ಮನ ಮೊದಲ ಮಾತು, ‘ಈ ಊರಲ್ಲಿ ಮರಗಳೂ ಎಲೆ ಉದುರ್ಸಲ್ವೇನೇ?’

ಒಂಬತ್ತನೆಯ ಮಹಡಿ

ಇದು ಎಂಬತ್ತರ ದಶಕದ ನಡುವಿನ ಮಾತು. ನನ್ನ ತಂಗಿ ವಿಮಲ ದಿನ ತುಂಬಿದ ಬಸುರಿ. ಚಂದ್ರು ಹಡಗು ರಿಪೇರಿ ಮಾಡುವ ಒಂದು ಕಡೆ ಎಂಜಿನಿಯರು. ನಾನು ಪಾಠ ಮಾಡುತ್ತಿದ್ದ ಶಾಲೆಗೆ ಬೇಸಿಗೆ ರಜೆ ಬಂದಿತ್ತು. ಅಮ್ಮನನ್ನು ಬಾಣಂತನಕ್ಕೆ ಕರೆದುಕೊಂಡು ಹೋಗುವ ಕೆಲಸ ಹಿರಿಮಗಳಾದ ನನಗೆ ಬಿತ್ತು. ಅಪ್ಪ ಮನೆ ನೋಡಿಕೊಳ್ಳಲು ಉಳಿದರು.

ಅವರ ಮನೆ ಒಂಬತ್ತನೆಯ ಮಹಡಿಯಲ್ಲಿತ್ತು. ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಕಾರಿಡಾರು. ಹಿಂದೆ ಅಡುಗೆಮನೆಯ ಕಿಟಕಿ. ಅಲ್ಲಿ ನಿಂತರೆ ದೂರದಲ್ಲಿ ಸಮುದ್ರ, ಸಮುದ್ರದ ಮೇಲೆ ಸರದಿ ಕಾಯುತ್ತಾ ನಿಂತ ಹಡಗುಗಳು. ಬೆಳಿಗ್ಗೆ ನೋಡಿದ ಹಡಗು ಸಂಜೆಯೂ ಅಲ್ಲೇ ಇರುತ್ತಿತ್ತು. ಮಧ್ಯಾಹ್ನವಾದರೆ ಎಲ್ಲಿಂದಲೋ ಮೋಡ ಬಂದು ಹಡಗುಗಳನ್ನು ಒಂದೊಂದಾಗಿ ಅಳಿಸುತ್ತಾ, ಕೊನೆಗೆ ನಮ್ಮ ಕಿಟಕಿಯನ್ನೂ ಅಳಿಸಿ, ಜೋರಾಗಿ ಸುರಿದು ಹೋಗುತ್ತಿತ್ತು. ಆಮೇಲೆ ಎಲ್ಲವೂ ಮತ್ತೆ ಇದ್ದಲ್ಲೇ ಇರುತ್ತಿದ್ದವು. ನನಗೆ ಅಲ್ಲಿ ಇದ್ದಷ್ಟು ದಿನವೂ ಪೂರ್ತಿ ಎಚ್ಚರವಾದ ಹಾಗೆ ಅನ್ನಿಸಲೇ ಇಲ್ಲ.

ಕಿಟಕಿಯ ಕೆಳಗೆ ಪ್ರತಿ ಮನೆಯವರೂ ಉದ್ದನೆಯ ಬಿದಿರ ಗಳಗಳನ್ನು ಗೋಡೆಯ ಕೊಳವೆಗೆ ಸಿಕ್ಕಿಸಿ ಬಟ್ಟೆ ಒಣಗಿಸುತ್ತಿದ್ದರು. ಗಾಳಿ ಬೀಸಿದರೆ ಎಷ್ಟೋ ಮಹಡಿಗಳ ಅಂಗಿಗಳು ಒಟ್ಟಿಗೆ ತೋಳು ಬೀಸುತ್ತಿದ್ದವು. ನಾನು ಗಂಟೆಗಟ್ಟಲೆ ಅದನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ.

ಅಮ್ಮನಿಗೆ ಮಾತ್ರ ಕನಸು ಗಿನಸು ಏನೂ ಇರಲಿಲ್ಲ, ಇದ್ದದ್ದು ಹೆದರಿಕೆ. ಹಿಂದಿನ ವರ್ಷ ವಿಮಲಳ ಚೊಚ್ಚಲ ಮಗು ಹುಟ್ಟಿದ ವಾರದೊಳಗೇ ಹೋಗಿಬಿಟ್ಟಿತ್ತು. ಆಗ ಅಮ್ಮನ ಪಾಸ್‌ಪೋರ್ಟು ಬಂದಿರಲಿಲ್ಲ. ಡಾಕ್ಟರು ಹೃದಯದ ದೋಷ ಅಂದರು. ಮಗು ಮನೆಗೆ ಬಂದಾಗ ಹೊಸಿಲಲ್ಲಿ ಆರತಿ ಎತ್ತಲು, ದೃಷ್ಟಿ ತೆಗೆಯಲು ಹಿರಿಯರು ಒಬ್ಬರೂ ಇರಲಿಲ್ಲ ಎಂದು ಅಮ್ಮ ಅಂದಳು. ಒಂದು ಸಲ ಅಷ್ಟೇ ಅಂದದ್ದು. ಆದರೆ ಅವಳು ತಂದ ಪೆಟ್ಟಿಗೆಯಲ್ಲಿ ಸೀರೆಗಿಂತ ಹೆಚ್ಚಾಗಿ ಅರಿಶಿನ, ಸುಣ್ಣದ ಡಬ್ಬಿ, ಬಜೆ, ಸಾಂಬ್ರಾಣಿ ಇದ್ದವು.

ನೆನಪಿಗೆ ಬಂದ ಜಯನಗರ

ಆ ಊರಿನ ಚೊಕ್ಕಟವನ್ನು ನೋಡಿದಾಗಲೆಲ್ಲ ನನಗೆ ನಮ್ಮ ಮನೆಯ ಪಕ್ಕದ ಖಾಲಿ ಸೈಟು ನೆನಪಿಗೆ ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ ಜಯನಗರದಲ್ಲಿ ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ. ಅಮ್ಮನಷ್ಟು ಮಡಿವಂತೆ, ಅಮ್ಮನಷ್ಟು ಚೊಕ್ಕಟದವಳು ನಮ್ಮ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ. ಬೆಳಗಾಗುವ ಮುಂಚೆ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಿದ್ದಳು. ಗುಡಿಸಿದ್ದೆಲ್ಲ ಹೋಗುತ್ತಿದ್ದದ್ದು ಪಕ್ಕದ ಸೈಟಿಗೆ. ತೆಂಗಿನ ಚಿಪ್ಪು, ತಲೆಕೂದಲ ಉಂಡೆ, ಊಟದ ಎಲೆ, ಒಡೆದ ಗಡಿಗೆ, ದೃಷ್ಟಿ ತೆಗೆದ ಮೆಣಸಿನಕಾಯಿ, ಆರತಿಯ ಓಕುಳಿ, ಎಲ್ಲವೂ ಅಲ್ಲಿಗೇ. ನಾವೊಬ್ಬರೇ ಅಲ್ಲ, ಬೀದಿಗೆ ಬೀದಿಯೇ ಹಾಗೆ ಮಾಡುತ್ತಿತ್ತು.

ಒಂದು ಸಲ ಆ ಸೈಟಿನ ಯಜಮಾನರು ಬೊಂಬಾಯಿಯಿಂದ ಹೆಂಡತಿಗೆ ತೋರಿಸಲೆಂದು ಬಂದರು. ಆಕೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಅಲ್ಲೇ ನಿಂತರು. ಇದನ್ನೆಲ್ಲ ಯಾರು ಹಾಕ್ತಾರೆ ಎಂದು ಅವರು ಕೇಳಿದಾಗ ಬೀದಿಯವರೆಲ್ಲ ಆಕಾಶ ನೋಡಿದೆವು. ಅಮ್ಮ ಪಾಪ ಎಂದು ಅವರನ್ನು ಒಳಗೆ ಕರೆದು ಕಾಫಿ ಕೊಟ್ಟಳು, ಜನ ಕೆಟ್ಟುಹೋಗಿದ್ದಾರೆ ಎಂದು ಅವರ ಜೊತೆಗೆ ತಾನೂ ಬೇಜಾರು ಮಾಡಿಕೊಂಡಳು. ಅವರು ಹೋದ ಮೇಲೆ ಕಾಫಿಯ ಗಸಿ ಎಲ್ಲಿಗೆ ಹೋಯಿತೆಂದು ನಾನು ಬರೆಯುವುದಿಲ್ಲ.

ಕಾರ್ಪೊರೇಷನ್ನಿನ ಕಾನೂನು ನಮ್ಮಲ್ಲೂ ಇತ್ತು, ಇಲ್ಲವೆಂದಲ್ಲ. ಸಿಮೆಂಟಿನ ತೊಟ್ಟಿಯೂ ಇತ್ತು, ತೊಟ್ಟಿಯ ಸುತ್ತ ಹಸುಗಳೂ ಇದ್ದವು. ಆದರೆ ಯಾರ ಮುಖವೂ ಕಾಣದ ಜಾಗವನ್ನು ನಾವು ಯಾರದೂ ಅಲ್ಲದ ಜಾಗ ಅಂದುಕೊಂಡಿದ್ದೆವು.

ಅಡುಗೆಮನೆಯ ಕಿಟಕಿ

ವಿಮಲಳಿಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮಗುವನ್ನು ಕರೆತಂದದ್ದು ಒಂದು ಮಧ್ಯಾಹ್ನ, ಮಳೆ ನಿಂತು ಎಲ್ಲ ಕಡೆ ಮಂಜಿನಂಥ ಬೆಳಕು ಇತ್ತು. ಅಮ್ಮ ತಟ್ಟೆಯಲ್ಲಿ ನೀರಿಗೆ ಅರಿಶಿನ ಸುಣ್ಣ ಕಲಸಿದಳು. ಅದು ಕೆಂಪಾಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಆದರೂ ಪ್ರತಿ ಸಲ ಬೆರಗಾಗುತ್ತದೆ. ನಡುವೆ ಬತ್ತಿ ಹಚ್ಚಿಟ್ಟು, ಹೊಸಿಲಾಚೆ ನಿಂತ ತಾಯಿಗೂ ಮಗುವಿಗೂ ನಾವಿಬ್ಬರೂ ಆರತಿ ಎತ್ತಿದೆವು. ಅಮ್ಮನ ಕಣ್ಣಲ್ಲಿ ನೀರು ತುಂಬಿ ಹಾಡು ಮಧ್ಯದಲ್ಲೇ ನಿಂತಿತು. ನನಗೂ ಅಳು ಬಂತು.

ಓಕುಳಿ ನೀರನ್ನು ಮನೆಯೊಳಗೆ ಇಟ್ಟುಕೊಳ್ಳುವಂತಿಲ್ಲ. ಮಗುವಿಗೆ ತಗುಲಿದ ಕಣ್ಣೆಲ್ಲ ಅದರಲ್ಲಿ ಇಳಿದಿರುತ್ತದೆ, ಅದನ್ನು ಹೊರಗೆ ಚೆಲ್ಲಬೇಕು. ಊರಲ್ಲಾದರೆ ಗೇಟು ದಾಟಿ ಪಕ್ಕದ ಸೈಟಿಗೆ. ಇಲ್ಲಿ ಗೇಟು ಎಲ್ಲಿಂದ ತರುವುದು? ಕಾರಿಡಾರಿನಲ್ಲಿ ಚೆಲ್ಲಿದರೆ ಪಕ್ಕದವರು ತುಳಿಯುತ್ತಾರೆ, ಅದು ತಪ್ಪು. ಹೀಗೆ ತುಂಬ ಯೋಚನೆ ಮಾಡಿ, ಇನ್ನೊಬ್ಬರಿಗೆ ತೊಂದರೆ ಆಗಬಾರದೆಂದೇ ಅಮ್ಮ ಅಡುಗೆಮನೆಯ ಕಿಟಕಿಗೆ ಹೋದಳು. ಕೆಳಗೆ ಬಹಳ ದೂರದಲ್ಲಿ ಹಸಿರು ಹುಲ್ಲು ಕಾಣುತ್ತಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ತಟ್ಟೆ ಬಗ್ಗಿಸಿದಳು. ಮಳೆ ನಿಂತ ಮೇಲೆ ಎಂಟು ಮನೆಯವರು ಮತ್ತೆ ಒಣಹಾಕಿದ್ದ ಬಟ್ಟೆ ನಡುವೆ ಇರುವುದು ಅವಳ ಗಮನಕ್ಕೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ದಬದಬ ಬಡಿದ ಸದ್ದು. ತೆಗೆದರೆ ಕೆಳಗಿನ ಮನೆಯ ಚೀನೀ ಅಜ್ಜಿ, ಬರಿಗಾಲಲ್ಲಿ, ಏದುಸಿರು ಬಿಡುತ್ತಾ ನಿಂತಿದ್ದರು. ಕೈಯಲ್ಲಿ ಕೆಂಪು ಕಲೆಯ ಬಿಳಿ ಅಂಗಿಗಳು. ಆಕೆ ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ, ನಮ್ಮ ಒಬ್ಬೊಬ್ಬರ ಕೈ ಕಾಲು ಹಿಡಿದು ನೋಡಿದರು. ಒಳಗೆ ಹೋಗಿ ವಿಮಲಳನ್ನು ನೋಡಿದರು, ಮಗುವನ್ನು ನೋಡಿದರು. ಯಾರಿಗೋ ಏಟು ಬಿದ್ದು ರಕ್ತ ಸುರಿದಿದೆ ಎಂದು ಹೆದರಿ ಮೆಟ್ಟಿಲು ಹತ್ತಿ ಓಡಿ ಬಂದಿದ್ದರು. ಅಮ್ಮನ ಕೈಯಲ್ಲಿದ್ದ ತಟ್ಟೆಯ ತಳದ ಕೆಂಪು ನೀರು ನೋಡಿದ ಮೇಲೆ ಅವರ ಮುಖ ಬದಲಾಯಿತು. ಅಂಗಿಗಳನ್ನು ಎದೆಗವಚಿಕೊಂಡು ಇಳಿದು ಹೋದರು.

ಕಾನೂನು ಕುಳಿತ ಕುರ್ಚಿ

ದೂರು ಕೊಟ್ಟದ್ದು ಆ ಅಜ್ಜಿಯಲ್ಲ. ಎದುರಿನ ಕಟ್ಟಡದಿಂದ ಯಾರೋ ನೋಡಿ ಫೋನು ಮಾಡಿದ್ದರು. ಮರುದಿನ ಒಬ್ಬ ಅಧಿಕಾರಿ ಬಂದರು. ಬಾಗಿಲಲ್ಲೇ ಬೂಟು ಕಳಚಿ ಒಳಗೆ ಬಂದು, ಮಗು ಮಲಗಿದೆ ಎಂದು ತಿಳಿದ ಮೇಲೆ ಕುರ್ಚಿಯಲ್ಲಿ ಕುಳಿತು ಪಿಸುದನಿಯಲ್ಲೇ ಮಾತಾಡಿದರು. ತಮಿಳರು. ಅಮ್ಮನಿಗೆ ತಮಿಳು ಬರುತ್ತಿತ್ತು, ತಿಲಕ್ ನಗರದ ಸೊಪ್ಪಿನವಳಿಂದ ಕಲಿತದ್ದು. ಹಾಗಾಗಿ ಚೌಕಾಸಿಗೆ ಬೇಕಾದಷ್ಟು ಮಾತು ಮಾತ್ರ ಚೆನ್ನಾಗಿ ಬರುತ್ತಿತ್ತು.

ಅವರು ವಿವರಿಸಿದರು. ಹುಲ್ಲು, ಚರಂಡಿ, ಮೆಟ್ಟಿಲು, ಲಿಫ್ಟು, ಕಾರಿಡಾರು ಎಲ್ಲ ಸಾರ್ವಜನಿಕರದ್ದು, ಅಲ್ಲಿ ಏನು ಬೀಳಿಸಿದರೂ ಅಪರಾಧ. ಕಿಟಕಿ, ಗಳ, ಅಂಗಿ ಕೆಳಗಿನ ಮನೆಯವರದ್ದು. ಅವರ ಒಪ್ಪಿಗೆಯಿಲ್ಲದೆ ಅಲ್ಲಿ ಏನು ಬೀಳಿಸಿದರೂ ಅದೂ ಅಪರಾಧ. ಅಮ್ಮನ ಒಂದು ತಟ್ಟೆ ನೀರು ಎರಡೂ ಕಡೆ ಬಿದ್ದಿತ್ತು. ಅದರಲ್ಲೂ ಮೇಲಿನ ಮಹಡಿಯಿಂದ ಎಸೆಯುವುದೆಂದರೆ ಅವರಿಗೆ ಬಲು ಸಿಟ್ಟಿನ ವಿಷಯ. ಅವೆಲ್ಲ ಸರ್ಕಾರ ಕಟ್ಟಿಸಿದ ಮನೆಗಳು, ಅಂಥವರ ಮನೆಯನ್ನೇ ವಾಪಸು ತೆಗೆದುಕೊಳ್ಳಬಹುದಂತೆ. ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ಇನ್ನೊಂದು ಸಲವಾದರೆ ಕೋರ್ಟಿಗೆ ಹೋಗುತ್ತದೆ ಎಂದರು.

ಅಮ್ಮ ಎಲ್ಲ ಕೇಳಿಸಿಕೊಂಡು ತನ್ನ ಸೊಪ್ಪಿನ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದಳು. ಹಾಗಾದರೆ ಯಾರದೂ ಅಲ್ಲದ ಜಾಗ ಈ ಊರಲ್ಲಿ ಎಲ್ಲಿದೆ ಸ್ವಾಮಿ?

ಆತ ತಮಾಷೆ ಅಂದುಕೊಳ್ಳಲಿಲ್ಲ. ಕಿಟಕಿಯಾಚೆ ಸಮುದ್ರದ ಕಡೆ ನೋಡುತ್ತಾ ನಿಜವಾಗಿಯೂ ಯೋಚಿಸಿದರು. ಆಮೇಲೆ, ಅಂಥದ್ದು ಇಲ್ಲಮ್ಮಾ ಎಂದು ಹೇಳಿ ಎದ್ದರು.

ಅವರು ಹೋದ ಮೇಲೆ ಚಂದ್ರು ಅಮ್ಮನ ಮುಂದೆ ನೆಲದ ಮೇಲೆ ಕುಳಿತರು. ಆ ದೇಶದಲ್ಲಿದ್ದು ದುಡಿಯಲು ಸರ್ಕಾರ ಕೊಡುವ ಅವರ ಕೆಲಸದ ಪಾಸು ಅದೇ ತಿಂಗಳು ಹೊಸದಾಗಬೇಕಿತ್ತು. ಬಾಡಿಗೆ ಮನೆ ಬೇರೆ.

‘ಅತ್ತೆ, ನಾನು ನಿಮಗೆ ಬೇಡ ಅಂತ ಹೇಳೋನಲ್ಲ. ಆದ್ರೆ ಕೇಸ್ ಆದ್ರೆ ನನ್ನ ಪಾಸ್ ಹೋಗತ್ತೆ. ಈ ಹಸುಗೂಸು ಎತ್ಕೊಂಡು ನಾವು ಎಲ್ಲಿಗೆ ಹೋಗೋದು?’

‘ಹೋದ್ ಸಲ ಕಾನೂನು ಎಲ್ಲ ಸರಿಯಾಗೇ ಇತ್ತಲ್ಲಪ್ಪ,’ ಅಂದಳು ಅಮ್ಮ. ‘ಮಗು ಉಳೀಲಿಲ್ಲ.’

ಒಳಗಿನ ಕೋಣೆಯಲ್ಲಿ ವಿಮಲ ಅಳುವ ಸದ್ದು ಕೇಳಿಸಿತು. ನಾನು ಎದ್ದು ಅವಳ ಹತ್ತಿರ ಹೋದೆ. ಇಬ್ಬರಲ್ಲಿ ಯಾರ ಕಡೆ ನಿಲ್ಲಬೇಕೋ ನನಗೆ ತಿಳಿಯಲಿಲ್ಲ.

ಕೆಳಗಿನ ಮನೆ

ಮೈಸೂರುಪಾಕು ಮಾಡಿಕೊಂಡು ಎಂಟನೆಯ ಮಹಡಿಗೆ ನಾನೊಬ್ಬಳೇ ಇಳಿದೆ. ಅಜ್ಜಿ ಬಾಗಿಲು ತೆಗೆದು ಮೊದಲು ನನ್ನ ಕೈ ನೋಡಿದರು, ಈಗಲೂ ರಕ್ತದ ಅನುಮಾನವಿದ್ದ ಹಾಗೆ. ಅವರ ಮಗನಿಗೆ ಇಂಗ್ಲಿಷ್ ಬರುತ್ತಿತ್ತು. ಅಂಗಿಗಳು ಆತನವು. ಸೋಪು ಹಾಕಿದಷ್ಟೂ ಕಲೆ ಇನ್ನೂ ಕೆಂಪಾಗುತ್ತಿದೆ ಎಂದು ಆತ ಬೇಸರದಿಂದ ಹೇಳಿದರು. ಅರಿಶಿನದ ಗುಣವೇ ಅದು, ಬಿಸಿಲಿಗೆ ಹಾಕಿ ಎಂದೆ. ಸರಿ, ಮೇಲಿನಿಂದ ಇನ್ನೇನಾದರೂ ಬೀಳುವುದಿದ್ದರೆ ಮೊದಲೇ ತಿಳಿಸಿ, ಅವತ್ತು ಬಟ್ಟೆ ಒಣಗಿಸುವುದಿಲ್ಲ ಎಂದರು. ಆತ ನಗುತ್ತಿದ್ದಾರೋ ಇಲ್ಲವೋ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಕ್ಷಮೆ ಕೇಳಿ ಬರಬೇಕೆಂದು ಹೋದವಳು ಅಲ್ಲೇ ಕೂತುಬಿಟ್ಟೆ. ಹಿಡಿಯಿಲ್ಲದ ಚಿಕ್ಕ ಬಟ್ಟಲಲ್ಲಿ ಹಾಲಿಲ್ಲದ ಟೀ ಕೊಟ್ಟರು. ಆರತಿ ಎಂದರೇನು, ಆ ನೀರನ್ನು ಯಾಕೆ ಹೊರಗೆ ಚೆಲ್ಲುತ್ತಾರೆ, ಹಿಂದಿನ ವರ್ಷ ಏನಾಯಿತು ಎಲ್ಲ ಹೇಳಿದೆ. ನಾಮಕರಣದ ದಿನ ಮತ್ತೆ ಆರತಿ ಎತ್ತಬೇಕು, ಆ ನೀರಿಗೆ ಜಾಗವಿಲ್ಲ ಎಂದೂ ಹೇಳಿದೆ. ಮಗ ಅದನ್ನೆಲ್ಲ ತಮ್ಮ ಮಾತಿನಲ್ಲಿ ಅಜ್ಜಿಗೆ ಹೇಳುತ್ತಿದ್ದರು. ನಾನು ಎರಡು ವಾಕ್ಯದಲ್ಲಿ ಹೇಳಿದ್ದು ಅವರ ಬಾಯಲ್ಲಿ ತುಂಬ ಉದ್ದವಾಗುತ್ತಿತ್ತು. ಹೊರಗೆ ಮಳೆ ಬಂದು ಸಮುದ್ರ ಮಾಯವಾಯಿತು. ಅಜ್ಜಿ ಹೋದ ಮಗುವಿನ ಬಗ್ಗೆ ಏನೂ ಕೇಳಲಿಲ್ಲ, ಈಗಿನ ಮಗು ಚೆನ್ನಾಗಿ ಹಾಲು ಕುಡಿಯುತ್ತದೆಯೇ ಎಂದಷ್ಟೇ ಕೇಳಿದರು.

ಎದ್ದು ಬರುವಾಗ ಅವರು ನನ್ನನ್ನು ಬಾಗಿಲಾಚೆ ನಿಲ್ಲಿಸಿ, ಕಾರಿಡಾರಿನಲ್ಲಿದ್ದ ದೊಡ್ಡ ಕುಂಡವನ್ನು ತೋರಿಸಿದರು. ಗೋಲಿ ಗಾತ್ರದ ಕಿತ್ತಳೆ ಹಣ್ಣುಗಳ ಗಿಡ. ಆ ನೀರನ್ನು ಇದರ ಬುಡಕ್ಕೆ ಹಾಕಲಿ ಎಂದು ತಮ್ಮ ತಾಯಿ ಹೇಳುತ್ತಿದ್ದಾರೆ ಎಂದರು ಮಗ. ಕುಂಡ ನಮ್ಮದು, ನಾವೇ ಹೂಂ ಅಂದ ಮೇಲೆ ಅದು ಕಸವಲ್ಲ, ಯಾರೂ ಕೇಳುವ ಹಾಗಿಲ್ಲ ಎಂದೂ ಸೇರಿಸಿದರು.

ನಾನು ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಚಂದ್ರು ಸುದ್ದಿ ಕೇಳಿ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಮ್ಮ ಕೂಡ ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು.

ನಾಮಕರಣ

ಮಗುವಿಗೆ ಗೌರಿ ಎಂದು ಹೆಸರಿಟ್ಟೆವು. ಕನ್ನಡದವರ ಎರಡು ಸಂಸಾರ ಬಂದಿದ್ದವು. ತೊಟ್ಟಿಲು ಬಾಡಿಗೆಗೆ ಸಿಗದೆ ಸೀರೆಯ ಜೋಲಿ ಕಟ್ಟಿದ್ದಾಯಿತು. ಆರತಿ ಎತ್ತಿ, ಎಲ್ಲರ ಊಟ ಮುಗಿದು, ಬಂದವರು ಹೋದ ಮೇಲೆ ಅಮ್ಮ ಓಕುಳಿ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಹಿಡಿದುಕೊಂಡಳು. ಒಂದು ತೊಟ್ಟೂ ತುಳುಕದ ಹಾಗೆ ಮೆಲ್ಲಗೆ ಮೆಟ್ಟಿಲಿಳಿದಳು. ನಾನು ಕೈ ಹಿಡಿಯಲು ಹೋದರೆ ಬೇಡವೆಂದಳು. ಸಂಜೆಯ ಗಾಳಿಗೆ ಸಮುದ್ರದ ವಾಸನೆ ಇತ್ತು, ಹಡಗುಗಳಲ್ಲಿ ಆಗಲೇ ದೀಪ ಹಚ್ಚಿದ್ದರು.

ಅಜ್ಜಿ ಕಾಯುತ್ತಿದ್ದರು. ಒಳ್ಳೆಯ ಅಂಗಿ ಹಾಕಿಕೊಂಡು, ಬಾಗಿಲು ಪೂರ್ತಿ ತೆಗೆದಿಟ್ಟಿದ್ದರು. ಗಿಡದ ಬುಡದಲ್ಲಿ ಒಣ ಎಲೆಗಳನ್ನು ಆರಿಸಿ, ನೀರು ಹೊರಗೆ ಹರಿಯದಿರಲೆಂದು ಬೆರಳಿಂದ ಮಣ್ಣನ್ನು ಗುಂಡಗೆ ಕೆದಕಿ ಪಾತಿ ಮಾಡಿದ್ದರು. ನಮ್ಮನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಅಮ್ಮ ಮೇಲೆ ಮುಚ್ಚಿದ್ದ ತಟ್ಟೆಯನ್ನು ತೆಗೆದು ನನಗೆ ಕೊಟ್ಟು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಕುಂಡದ ಪಕ್ಕದಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟಿದ್ದರು. ಅಜ್ಜಿಯದು, ಮಗನದು, ಸೊಸೆಯದು, ಕೊನೆಯಲ್ಲಿ ಅಂಗೈಯಷ್ಟೇ ಇದ್ದ ಒಂದು ಜೊತೆ. ಅಂಚಿಗೆ ಬಂದಿದ್ದ ಕೆಂಪು ನೀರು ಚೆಲ್ಲದ ಹಾಗೆ ಅಮ್ಮ ತಟ್ಟೆಯನ್ನು ಮತ್ತೆ ನೆಟ್ಟಗೆ ಹಿಡಿದಳು.

‘ಇವರ ಮನೇಲೂ ಮಗು ಇದೆಯಲ್ಲೇ,’ ಅಂದಳು ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ‘ಇದನ್ನ ಹೆಂಗ್ ಸುರೀಲಿ ನಾನು?’

ಅಜ್ಜಿ ಹಾಕಿ ಹಾಕಿ ಎಂದು ಕೈಸನ್ನೆ ಮಾಡಿದರು. ಅಮ್ಮ ತಟ್ಟೆಯನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯಿಂದ ಗಿಡದ ಎಲೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ಅಜ್ಜಿಯ ಕೈಯನ್ನೂ ಹಾಗೇ ಒತ್ತಿಕೊಂಡಳು. ಸುಣ್ಣದ ನೀರು ಗಿಡಕ್ಕೆ ಆಗುವುದಿಲ್ಲ, ಇಷ್ಟು ಚೆಂದದ ಗಿಡ ಒಣಗಿಹೋದೀತು ಎಂದು ನಾನು ಮಗನಿಗೆ ಹೇಳಿದೆ. ಅದು ಸುಳ್ಳೇನಲ್ಲ. ಅಜ್ಜಿ ಅಮ್ಮನ ಕಡೆ ನೋಡಿ ತಲೆಯಾಡಿಸಿದರು. ಒಳಗೆ ಹೋಗಿ, ಗಿಡದಿಂದ ಕಿತ್ತಿಟ್ಟಿದ್ದ ಹಣ್ಣುಗಳನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಕೈಗೆ ಕೊಟ್ಟರು.

ಮೇಲೆ ಬಂದೆವು. ಚಂದ್ರು ಮಗುವನ್ನು ಎತ್ತಿಕೊಂಡು ನಿಂತಿದ್ದವರು, ತಟ್ಟೆ ತುಂಬಿದ ಹಾಗೇ ವಾಪಸು ಬಂದದ್ದು ನೋಡಿ ಮುಖ ಸಣ್ಣಗೆ ಮಾಡಿಕೊಂಡರು. ಅಮ್ಮ ಅಡುಗೆಮನೆಯ ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬಚ್ಚಲಿಗೆ ಹೋದಳು. ಬಚ್ಚಲಲ್ಲಿ ಸುರಿದರೆ ಮನೆಯೊಳಗೇ ಇಟ್ಟುಕೊಂಡ ಹಾಗೆ ಎಂದು ಅಲ್ಲಿಯವರೆಗೆ ಹಟ ಹಿಡಿದವಳು ಅವಳೇ. ನಾನು ಹಿಂದೆಯೇ ಹೋದೆ.

ಅಮ್ಮ ಸೀರೆಯ ನೆರಿಗೆಯನ್ನು ಮೇಲೆತ್ತಿ ಸಿಕ್ಕಿಸಿ, ತಟ್ಟೆಯ ನೀರನ್ನು ತನ್ನ ಎರಡೂ ಪಾದಗಳ ಮೇಲೆ ಸುರಿದುಕೊಂಡಳು. ಬಗ್ಗಿ ಮೀನಖಂಡದವರೆಗೂ ಸವರಿಕೊಂಡಳು.

‘ಅಮ್ಮಾ, ಏನೇ ಇದು,’ ಅಂದೆ.

‘ನನ್ನ ಮೇಲೆ ಬಿದ್ರೆ ನನ್ನ ಜೊತೇಲೇ ಬರತ್ತೆ ಕಣೆ. ಮುಂದಿನ ವಾರ ವಿಮಾನ ಹತ್ತಿ ಹೊರಟು ಹೋಗ್ತೀನಲ್ಲ. ಈ ಮನೇನೂ ಚೊಕ್ಕಟ, ಈ ಊರೂ ಚೊಕ್ಕಟ.’

ನಾನು ತಂಬಿಗೆಯಲ್ಲಿ ನೀರು ತುಂಬಿ ಕಾಲು ತೊಳೆಯಲು ಕೊಟ್ಟೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಕಾಲು ಒಣಗುವವರೆಗೂ ಗೋಡೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.